ಪೇಟೆಂಟ್ ಮುಗಿದರೂ ಹೊಟ್ಟೆಹುಣ್ಣಿನ ಮಾತ್ರೆಯ ಬೆಲೆ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ಎಂಟು ವರ್ಷದ ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ತಗೊಳ್ತಾರೆ. ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಅದಕ್ಕೆ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದೆ. 15 ಕ್ಯಾಪ್ಸೂಲಿನ ಸ್ಟ್ರಿಪ್ಪಿಗೆ ಈಗ 200 ರೂಪಾಯಿ ದಾಟಿದೆ. ಪ್ರತಿ ವರ್ಷ ಏರುತ್ತಲೇ ಇದೆ. ಜನೌಷಧಿ ಅಂಗಡಿಯಲ್ಲಿ ಅದೇ ಔಷಧ ಇದರ ಕಾಲು ಭಾಗದ ಬೆಲೆಗೂ ಸಿಗುತ್ತದೆ. ಮೆಡಿಕಲ್ ಶಾಪಿನವರು "ಅದರಲ್ಲಿ ಪವರ್ ಇರಲ್ಲ, ಲೋಕಲ್ ಮಾಲು" ಅಂತಾರೆ. ಅಮೆರಿಕದಲ್ಲಿರುವ ನಮ್ಮ ಮೈದುನ "ಇಲ್ಲಿ ಪೇಟೆಂಟ್ ಮುಗಿದ ತಕ್ಷಣ ಬೆಲೆ ಬಿದ್ದೇ ಹೋಗುತ್ತೆ" ಅಂತಾನೆ. ಇಲ್ಲಿ ಯಾಕೆ ಹಾಗಾಗಲ್ಲ? ನಾವು ಮಾತ್ರೆ ಬದಲಾಯಿಸಬಹುದಾ? (ಸಾಗರದ ಒಬ್ಬ ಓದುಗರು)

ಉತ್ತರ: ನಿಮ್ಮ ಕಾಗದದಲ್ಲಿ ಎರಡು ಚಿಂತೆ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು, ದುಡ್ಡಿನದು. ಇನ್ನೊಂದು, ದುಡ್ಡು ಉಳಿಸಲು ಹೋಗಿ ಮಾವನವರ ಆರೋಗ್ಯಕ್ಕೆ ಏನಾದರೂ ಆದರೆ ಎನ್ನುವ ಭಯ. ಎರಡೂ ನ್ಯಾಯವಾದ ಚಿಂತೆಗಳೇ. ನಾನು 24 ವರ್ಷ ಮಾತ್ರೆ ತಯಾರಿಸುವ ಕಾರ್ಖಾನೆಗಳಲ್ಲಿದ್ದೆ. ಅದರಲ್ಲಿ ಒಂಬತ್ತು ವರ್ಷ ಇಂಥ ಹೊಟ್ಟೆ ಔಷಧದ ಪೆಲೆಟ್ (ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳು) ವಿಭಾಗದಲ್ಲೇ ಕೆಲಸ. ಈಗ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಾನು ವೈದ್ಯನಲ್ಲ. ಹಾಗಾಗಿ ಕೊನೆಯಲ್ಲಿ ಕೆಲವು ಮಾತನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಬೇಕು ಎಂದು ಹೇಳುತ್ತೇನೆ, ಏನು ಕೇಳಬೇಕು ಅನ್ನೋದನ್ನೂ ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಜನೌಷಧಿಯದು ಜನರಿಕ್ (ಒಬ್ಬರು ಕಂಡುಹಿಡಿದ ಔಷಧವನ್ನೇ ಬೇರೆ ಕಂಪನಿ ಮಾಡಿದ್ದು), ಈಗ ತಗೊಳ್ಳುತ್ತಿರುವುದು "ಒರಿಜಿನಲ್ ಕಂಪನಿ ಮಾಲು" ಎಂದು ನೀವು ಅಂದುಕೊಂಡ ಹಾಗಿದೆ. ಹಾಗಲ್ಲ. ಹೊಟ್ಟೆಯ ಆಸಿಡ್ ತಗ್ಗಿಸುವ ಈ ಪ್ಯಾಂಟೊಪ್ರಜೋಲ್ ಕಂಡುಹಿಡಿದದ್ದು ಜರ್ಮನಿಯ ಬಿಕ್ ಗುಲ್ಡನ್ ಎಂಬ ಕಂಪನಿ. 1994ರಲ್ಲಿ ಅದು ಮಾರುಕಟ್ಟೆಗೆ ಬಂತು. ನಮ್ಮೂರಿನ ಅಂಗಡಿಗಳಲ್ಲಿ ಸಿಗುವ ಹೆಸರಾಂತ ಬ್ರಾಂಡ್‌ಗಳು ಅದನ್ನು ನೋಡಿ ನಮ್ಮ ದೇಶದ ಕಂಪನಿಗಳು ಮಾಡಿದವು. ಅಂದರೆ ಎರಡೂ ಜನರಿಕ್ಕೇ. ಒಂದಕ್ಕೆ ದೊಡ್ಡ ಹೆಸರಿದೆ, ಇನ್ನೊಂದಕ್ಕೆ ಇಲ್ಲ. ಇಷ್ಟು ಮನಸ್ಸಿಗೆ ಹತ್ತಿದರೆ ಅರ್ಧ ಭಯ ಹೋದ ಹಾಗೆ.

ನಿಮ್ಮ ಮೈದುನ ಹೇಳಿದ್ದು ನಿಜ. ಆದರೆ ಅಮೆರಿಕದಲ್ಲೂ ಬೆಲೆ ತಾನಾಗಿ ಬೀಳುವುದಿಲ್ಲ, ಜಗಳ ಆಡಿ ಬೀಳಿಸಬೇಕು. ಅಲ್ಲಿನ ಔಷಧ ಇಲಾಖೆ, ಅಂದರೆ ಎಫ್‌ಡಿಎ, 2019ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಒಂದೇ ಜನರಿಕ್ ಕಂಪನಿ ಬಂದರೆ ಅದರ ಬೆಲೆ ಮೂಲ ಬ್ರಾಂಡಿಗಿಂತ ಶೇ. 39ರಷ್ಟು ಕಡಿಮೆ ಇರುತ್ತದೆ. ಎರಡು ಬಂದರೆ ಶೇ. 54ರಷ್ಟು ಕಡಿಮೆ. ಆರು ಅಥವಾ ಇನ್ನೂ ಜಾಸ್ತಿ ಬಂದರೆ ಶೇ. 95ಕ್ಕಿಂತ ಜಾಸ್ತಿ ಇಳಿಯುತ್ತದೆ. ಆದ್ದರಿಂದ ಪೇಟೆಂಟ್ ಇಟ್ಟುಕೊಂಡ ಕಂಪನಿಗೆ ಎರಡನೆಯವನು, ಮೂರನೆಯವನು ಒಳಗೆ ಬರದ ಹಾಗೆ ಒಂದೊಂದು ತಿಂಗಳು ತಡೆದರೂ ಕೋಟಿಗಟ್ಟಲೆ ಲಾಭ.

ಹೊಟ್ಟೆಹುಣ್ಣಿನ ಔಷಧದಲ್ಲಿ ಈ ಜಗಳ ನಡೆದಷ್ಟು ಬೇರೆ ಕಡೆ ನಡೆದದ್ದು ಕಡಿಮೆ. 1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಬಂತು, ಟ್ಯಾಗಮೆಟ್ ಎಂಬ ಹೆಸರಿನಲ್ಲಿ. ಅದರ ಹಿಂದಿದ್ದ ಜೇಮ್ಸ್ ಬ್ಲ್ಯಾಕ್‌ ಅವರಿಗೆ 1988ರಲ್ಲಿ ನೊಬೆಲ್ ಬಂತು. ಸಿಮೆಟಿಡಿನ್ ಬರುವವರೆಗೆ ಎಷ್ಟೋ ಜನರಿಗೆ ಹುಣ್ಣಿಗೆ ಆಪರೇಷನ್ ಮಾಡಿ ಹೊಟ್ಟೆಯ ಒಂದು ಭಾಗ ತೆಗೆಯುತ್ತಿದ್ದರು. ಆಮೇಲೆ ಗ್ಲ್ಯಾಕ್ಸೋ ಕಂಪನಿ 1981ರಲ್ಲಿ ರ‍್ಯಾನಿಟಿಡಿನ್ ತಂದಿತು, ಝಾಂಟ್ಯಾಕ್ ಹೆಸರಿನಲ್ಲಿ. ಎರಡನೆಯವನಾಗಿ ಬಂದವನು ಬೆಲೆ ಕಡಿಮೆ ಇಡಬೇಕು ಅಲ್ವಾ? ಗ್ಲ್ಯಾಕ್ಸೋ ಟ್ಯಾಗಮೆಟ್‌ಗಿಂತ ಜಾಸ್ತಿ ಬೆಲೆ ಇಟ್ಟಿತು. ಜಾಸ್ತಿ ಬೆಲೆ ಅಂದರೆ ಒಳ್ಳೆ ಔಷಧ ಎಂದು ಡಾಕ್ಟರುಗಳೂ ನಂಬಿದರು. ಕೆಲವೇ ವರ್ಷದಲ್ಲಿ ಅದು ಜಗತ್ತಿನಲ್ಲೇ ಅತಿ ಜಾಸ್ತಿ ಮಾರಾಟದ ಔಷಧವಾಯಿತು. ನಿಮ್ಮ ಅಂಗಡಿಯವರ "ಪವರ್ ಇರಲ್ಲ" ಮಾತಿನ ಬೇರು ಎಷ್ಟು ಹಳೆಯದು ಎಂದು ತೋರಿಸಲು ಇದನ್ನು ಹೇಳಿದೆ.

ಮೂರನೆಯದು ಒಮೆಪ್ರಜೋಲ್. 1988ರಲ್ಲಿ ಸ್ವೀಡನ್ನಿನ ಅಸ್ಟ್ರಾ ಕಂಪನಿ ತಂದದ್ದು. ಅಲ್ಲಿ ಲೋಸೆಕ್, ಅಮೆರಿಕದಲ್ಲಿ ಪ್ರೈಲೋಸೆಕ್. ಅಸ್ಟ್ರಾ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. ಆ ಕಂಪನಿಯ ಸಂಶೋಧನಾ ಕೇಂದ್ರ ಅಲ್ಲಿ ವರ್ಷಗಟ್ಟಲೆ ಇತ್ತು, ಅದನ್ನು ಮುಚ್ಚುವುದಾಗಿ 2014ರಲ್ಲಿ ಹೇಳಿದರು. ಒಮೆಪ್ರಜೋಲಿನ ಅಮೆರಿಕದ ಮುಖ್ಯ ಪೇಟೆಂಟ್ 2001ರಲ್ಲಿ ಮುಗಿಯಿತು. ಅಷ್ಟರಲ್ಲಿ ಕಂಪನಿ ಮೂರು ಕಡೆಯಿಂದ ಬೇಲಿ ಹಾಕಿತ್ತು.

ಮೊದಲ ಬೇಲಿ ನನ್ನ ಕೆಲಸಕ್ಕೆ ಸೇರಿದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿ ನೋಡಿದರೆ ಒಳಗೆ ಸಾಸಿವೆಗಿಂತ ಚಿಕ್ಕ ಬಿಳಿ ಕಾಳುಗಳಿರುತ್ತವೆ. ಅದಕ್ಕೆ ಪೆಲೆಟ್ ಅನ್ನುತ್ತಾರೆ. ಈ ಔಷಧಕ್ಕೆ ಹುಳಿ ಅಂದರೆ ಆಗದು. ಹೊಟ್ಟೆಯ ಆಸಿಡ್ ತಾಗಿದರೆ ಔಷಧವೇ ಹಾಳು. ಅದಕ್ಕೆ ಪೆಲೆಟ್ ಮೇಲೆ ಒಂದು ಕೋಟಿಂಗ್ ಇರುತ್ತದೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ, ಕರುಳಿಗೆ ಹೋದ ಮೇಲೆ ಕರಗುತ್ತದೆ. ಆದರೆ ಆ ಕೋಟಿಂಗ್ ಕೂಡ ಸ್ವಲ್ಪ ಹುಳಿ ಗುಣದ್ದೇ! ಅದು ನೇರವಾಗಿ ಔಷಧಕ್ಕೆ ತಾಗಿದರೆ ಶೀಶೆಯಲ್ಲಿ ಇಟ್ಟಲ್ಲೇ ಕೆಡುತ್ತದೆ. ಹಾಗಾಗಿ ನಡುವೆ ಇನ್ನೊಂದು ತೆಳ್ಳಗಿನ ಪದರ ಬೇಕು. ಈ ನಡುವಿನ ಪದರಕ್ಕೆ ಬೇರೆಯೇ ಪೇಟೆಂಟ್ ಇತ್ತು, 2007ರವರೆಗೆ. 2002ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕೋರ್ಟು ಮೂರು ಜನರಿಕ್ ಕಂಪನಿಗಳು ಈ ಪೇಟೆಂಟ್ ಮುರಿದಿವೆ ಎಂದಿತು. ಅದರಲ್ಲಿ ಹೈದರಾಬಾದಿನ ಚೆಮಿನಾರ್ ಕೂಡ ಒಂದು. ನಾಲ್ಕನೆಯ ಕಂಪನಿಯದು ಬೇರೆ ರೀತಿ ಮಾಡಿದ ಪೆಲೆಟ್, ಅದು ಗೆದ್ದಿತು, ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂತು. ಮೂಲ ಪೇಟೆಂಟ್ ಮುಗಿದು ವರ್ಷ ಕಳೆದ ಮೇಲೆ ಒಬ್ಬನೇ ಒಬ್ಬ ಒಳಗೆ ಬಂದ!

ಎರಡನೆಯ ಬೇಲಿ ಯುರೋಪಿನದು. ಜನರಿಕ್ ಕಂಪನಿಗಳು ಕ್ಯಾಪ್ಸೂಲಿನ ಪರವಾನಗಿ ಆಧಾರ ಇಟ್ಟುಕೊಂಡು ಅರ್ಜಿ ಹಾಕುವ ಹೊತ್ತಿಗೆ ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಲ್ಲಿ ಆ ಕ್ಯಾಪ್ಸೂಲಿನ ಪರವಾನಗಿಯನ್ನೇ ಕಂಪನಿ ವಾಪಸ್ ಪಡೆಯಿತು, ತಾನು ಮಾತ್ರೆಗೆ ಬದಲಾಯಿತು. ಇದಕ್ಕೂ, ಪೇಟೆಂಟ್ ಕಚೇರಿಗಳಿಗೆ ದಾರಿ ತಪ್ಪಿಸುವ ಮಾಹಿತಿ ಕೊಟ್ಟದ್ದಕ್ಕೂ ಸೇರಿ ಯುರೋಪಿಯನ್ ಕಮಿಷನ್ 2005ರಲ್ಲಿ 6 ಕೋಟಿ ಯೂರೋ ದಂಡ ಹಾಕಿತು. ಮೇಲಿನ ಕೋರ್ಟಿನಲ್ಲಿ ಅದು 5.25 ಕೋಟಿಗೆ ಇಳಿಯಿತು, 2012ರಲ್ಲಿ ಅದೇ ಖಾಯಂ ಆಯಿತು.

ಮೂರನೆಯದು ಎಸೊಮೆಪ್ರಜೋಲ್, ಅಂದರೆ ನೆಕ್ಸಿಯಂ. ಒಮೆಪ್ರಜೋಲ್ ಅಣು ಎಡಗೈ ಬಲಗೈ ಹಾಗೆ ಎರಡು ರೂಪದಲ್ಲಿರುತ್ತದೆ. ಅದರಲ್ಲಿ ಒಂದನ್ನು ಮಾತ್ರ ಬೇರ್ಪಡಿಸಿ ಹೊಸ ಹೆಸರು, ಹೊಸ ಪೇಟೆಂಟ್ ಕೊಟ್ಟು 2001ರಲ್ಲಿ ಅಮೆರಿಕಕ್ಕೆ ಬಿಟ್ಟರು. ಹಳೆಯದು ಅಗ್ಗವಾಗುವ ಹೊತ್ತಿಗೆ ರೋಗಿಗಳೆಲ್ಲ ಹೊಸದಕ್ಕೆ ಬದಲಾಗಿರಬೇಕು, ಇದು ಲೆಕ್ಕ. ಕೆಲವರಲ್ಲಿ ಎಸೊಮೆಪ್ರಜೋಲ್ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಲೆಯ ವ್ಯತ್ಯಾಸಕ್ಕೆ ತಕ್ಕಷ್ಟು ಗುಣದ ವ್ಯತ್ಯಾಸ ನನಗೆ ಕಂಡಿಲ್ಲ.

ನಿಮ್ಮ ಮಾವನವರ ಪ್ಯಾಂಟೊಪ್ರಜೋಲಿಗೂ ಇಂಥದೇ ಒಂದು ಕಥೆ ಇದೆ. ಅಮೆರಿಕದಲ್ಲಿ ಅದರ ಪೇಟೆಂಟ್ 2010ರವರೆಗೆ ಇತ್ತು. 2007ರ ಕೊನೆಗೆ ಇಸ್ರೇಲಿನ ಟೆವಾ, 2008ರ ಜನವರಿಯಲ್ಲಿ ನಮ್ಮ ಸನ್ ಫಾರ್ಮಾ "ಈ ಪೇಟೆಂಟ್ ನಿಲ್ಲುವುದಿಲ್ಲ" ಎಂದು ಧೈರ್ಯ ಮಾಡಿ ಮಾರಲು ಶುರು ಮಾಡಿದವು. ಪೇಟೆಂಟ್ ನಿಂತಿತು. 2013ರಲ್ಲಿ ಟೆವಾ 160 ಕೋಟಿ ಡಾಲರ್, ಸನ್ 55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಈ ಜಗಳ ಯಾವುದೂ ನಡೆಯಲಿಲ್ಲ, ಯಾಕೆಂದರೆ ನಡೆಯುವ ಅಗತ್ಯವೇ ಇರಲಿಲ್ಲ. 1970ರ ಪೇಟೆಂಟ್ ಕಾಯಿದೆಯಲ್ಲಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಬೇರೆ ವಿಧಾನದಲ್ಲಿ ಯಾರು ಬೇಕಾದರೂ ಮಾಡಬಹುದಿತ್ತು. 2005ರ ಜನವರಿ 1ರವರೆಗೆ ಇದೇ ನಿಯಮ. ಹಾಗಾಗಿ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಎರಡನ್ನೂ ನಮ್ಮ ಕಂಪನಿಗಳು ಅಮೆರಿಕದಲ್ಲಿ ಪೇಟೆಂಟ್ ಮುಗಿಯುವ ಎಷ್ಟೋ ಮೊದಲೇ ಇಲ್ಲಿ ಮಾರುತ್ತಿದ್ದವು. ಮೊದಲ ದಿನದಿಂದಲೇ ಹತ್ತಾರು ಕಂಪನಿಗಳ ಪೈಪೋಟಿ. ಅಮೆರಿಕದ ಬೆಲೆಗೆ ಹೋಲಿಸಿದರೆ ನಮ್ಮದು ಶುರುವಿನಲ್ಲೇ ಕೆಳಗಿತ್ತು. ಅಲ್ಲಿ ಬಿದ್ದ ಹಾಗೆ ಇಲ್ಲಿ ಬೀಳಲು ಅಷ್ಟು ಎತ್ತರವೇ ಇರಲಿಲ್ಲ.

ಸರಿ, ಇಷ್ಟು ಪೈಪೋಟಿ ಇದ್ದೂ ಪ್ರತಿ ವರ್ಷ ಏರುವುದು ಯಾಕೆ?

ಅಮೆರಿಕದಲ್ಲಿ ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೂ ಅಂಗಡಿಯ ಫಾರ್ಮಸಿಸ್ಟ್ ಅಗ್ಗದ ಜನರಿಕ್ ಕೊಡಬಹುದು. ವಿಮೆ ಕಂಪನಿಗಳು ಅದನ್ನೇ ಕೊಡಿ ಎಂದು ಒತ್ತಾಯಿಸುತ್ತವೆ. ಇಲ್ಲಿ ಡಾಕ್ಟರು ಬರೆದ ಬ್ರಾಂಡ್ ಬಿಟ್ಟು ಬೇರೆ ಕೊಡಲು ಅಂಗಡಿಯವರಿಗೆ ಕಾನೂನು ಬಿಡುವುದಿಲ್ಲ. ಬರೆಯುವವರು ಡಾಕ್ಟರು, ಕೊಡುವವರು ಅಂಗಡಿಯವರು, ದುಡ್ಡು ಎಣಿಸುವವರು ನೀವು. ನಿಮ್ಮ ಕೈಯಲ್ಲಿ ಆಯ್ಕೆ ಇಲ್ಲ. ಹಾಗಾಗಿ ಕಂಪನಿಗಳು ನಿಮಗಾಗಿ ಬೆಲೆ ಇಳಿಸಿ ಪೈಪೋಟಿ ಮಾಡುವುದಿಲ್ಲ. ಡಾಕ್ಟರ ಬಾಗಿಲಲ್ಲಿ ರೆಪ್‌ಗಳನ್ನು, ಅಂದರೆ ಮಾರಾಟ ಪ್ರತಿನಿಧಿಗಳನ್ನು, ನಿಲ್ಲಿಸಿ ಮಾಡುತ್ತವೆ. ಅಂಗಡಿಗೆ "ಹತ್ತಕ್ಕೆ ಒಂದು ಫ್ರೀ" ಎಂಬಂಥ ಸ್ಕೀಮ್ ಕೊಟ್ಟು ಮಾಡುತ್ತವೆ. ಆ ಖರ್ಚೆಲ್ಲ ನಿಮ್ಮ ಸ್ಟ್ರಿಪ್ಪಿನ ಬೆಲೆಯಲ್ಲೇ ಇದೆ. ಜನರಿಕ್ ಹೆಸರನ್ನೇ ಬರೆಯಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತ್ತು, ಅದೇ ತಿಂಗಳು ತಡೆಹಿಡಿಯಿತು.

ಇನ್ನೊಂದು ಕಾರಣ ಸರ್ಕಾರದ ಬೆಲೆ ನಿಯಂತ್ರಣದ ಪಟ್ಟಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವುದಕ್ಕೆ ಮಾತ್ರ ಗರಿಷ್ಠ ಬೆಲೆ ಗೊತ್ತು ಮಾಡುತ್ತಾರೆ. ಒಮೆಪ್ರಜೋಲ್ ಕ್ಯಾಪ್ಸೂಲ್ ಆ ಪಟ್ಟಿಯಲ್ಲಿದೆ. ಪ್ಯಾಂಟೊಪ್ರಜೋಲಿಗೆ ಡೊಂಪೆರಿಡೋನ್ ಸೇರಿಸಿದ ಜೋಡಿ ಕ್ಯಾಪ್ಸೂಲ್ ಇಲ್ಲ. ಪಟ್ಟಿಯ ಹೊರಗಿನ ಔಷಧಕ್ಕೆ 2013ರ ಆದೇಶದ ಪ್ರಕಾರ ವರ್ಷಕ್ಕೆ ಶೇ. 10ರವರೆಗೆ ಎಂಆರ್‌ಪಿ ಏರಿಸಬಹುದು. ನಿಮ್ಮ ಸ್ಟ್ರಿಪ್ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರುವುದಕ್ಕೆ ದಾರಿ ಮಾಡಿಕೊಟ್ಟಿರುವುದು ಇದೇ. ಜೋಡಿ ಔಷಧಗಳು ಇಷ್ಟೊಂದು ಯಾಕಿವೆ ಎಂದು ನನ್ನ ವಿದ್ಯಾರ್ಥಿಗಳು ಕೇಳಿದಾಗ ಮೊದಲು ಈ ನಿಯಮವನ್ನೇ ಓದಿ ಎನ್ನುತ್ತೇನೆ.

ಇಲ್ಲಿ ಒಂದು ಎಚ್ಚರಿಕೆ. ಮೆಡಿಕಲ್ ಶಾಪಿನಲ್ಲಿ "ಜನರಿಕ್ ಕೊಡಿ" ಎಂದರೆ ಕೆಲವೊಮ್ಮೆ ಮೂರನೆಯ ಥರದ ಮಾಲು ಕೊಡುತ್ತಾರೆ. ಅದನ್ನು ಬರೆಯಿಸಲು ಯಾವ ರೆಪ್ಪೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ನೇರ ಸ್ಟಾಕಿಸ್ಟಿನಿಂದ ಅಂಗಡಿಗೆ ಬರುತ್ತದೆ. ಅಂಗಡಿಗೆ ಅದು ತುಂಬಾ ಕಡಿಮೆಗೆ ಸಿಕ್ಕಿರುತ್ತದೆ, ಆದರೆ ಮೇಲೆ ಅಚ್ಚಾಗಿರುವ ಎಂಆರ್‌ಪಿ ಬ್ರಾಂಡಿನಷ್ಟೇ ಇರುತ್ತದೆ. ನಿಮಗೆ ಹತ್ತಿಪ್ಪತ್ತು ರೂಪಾಯಿ ಬಿಟ್ಟರೂ ಉಳಿದ ಲಾಭವೆಲ್ಲ ಅಂಗಡಿಗೆ. ಜನೌಷಧಿಯಲ್ಲಿ ಎಂಆರ್‌ಪಿಯೇ ಕಡಿಮೆ ಅಚ್ಚಾಗಿರುತ್ತದೆ. ಬೆಲೆ ನಿಜವಾಗಿ ಇಳಿದಿದೆಯಾ ಎಂದು ತಿಳಿಯಲು ಅಚ್ಚಾದ ಬೆಲೆ ನೋಡಿ, ಕೊಟ್ಟ ಡಿಸ್ಕೌಂಟ್ ನೋಡಬೇಡಿ.

ಇನ್ನು "ಪವರ್" ವಿಷಯ. 40 ಮಿಲಿಗ್ರಾಂ ಎಂದು ಬರೆದ ಮೇಲೆ ಎಲ್ಲರಿಗೂ ಒಂದೇ ಅಳತೆ, ಒಂದೇ ಫಾರ್ಮಾಕೋಪಿಯ, ಅಂದರೆ ಔಷಧದ ಗುಣಮಟ್ಟ ಹೇಳುವ ಅಧಿಕೃತ ಪುಸ್ತಕ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಒಂದೇ ಡ್ರಮ್ಮಿನ ಪೆಲೆಟ್ ಬೆಳಿಗ್ಗೆ ಒಂದು ಬಣ್ಣದ ಕ್ಯಾಪ್ಸೂಲಿಗೆ, ಮಧ್ಯಾಹ್ನ ಇನ್ನೊಂದು ಬಣ್ಣದ ಕ್ಯಾಪ್ಸೂಲಿಗೆ ಹೋಗುತ್ತಿತ್ತು. ಬೇರೆ ಬೇರೆ ಕಂಪನಿಯ ಹೆಸರು. ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ನಿಮ್ಮ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ನೋಡಿ. ತಯಾರಿಸಿದವರು ಒಬ್ಬರು, ಮಾರುವವರು ಇನ್ನೊಬ್ಬರು ಇರುವುದು ತುಂಬಾ ಸಾಮಾನ್ಯ.

ಹಾಗಂತ ಗುಣಮಟ್ಟದ ಭಯ ಸುಮ್ನೆ ಹುಟ್ಟಿದ್ದಲ್ಲ. ಈ ಔಷಧ ಸೂಕ್ಷ್ಮ. ಒಂದು ಮಳೆಗಾಲದ ರಾತ್ರಿ ನಮ್ಮ ಕೋಟಿಂಗ್ ಕೋಣೆಯ ತೇವ ತೆಗೆಯುವ ಯಂತ್ರ ಕೆಟ್ಟಿತ್ತು. ರಾತ್ರಿ ಪಾಳಿಯವರು ಕೆಲಸ ನಿಲ್ಲಿಸಲಿಲ್ಲ. ಬೆಳಿಗ್ಗೆ ನೋಡಿದರೆ ಪೆಲೆಟ್ ಬೆಳ್ಳಗೇ ಇತ್ತು. ಪ್ರಯೋಗಾಲಯದಲ್ಲಿ ಹೊಟ್ಟೆಯ ಆಸಿಡ್ಡಿನಂಥ ದ್ರಾವಣಕ್ಕೆ ಹಾಕಿದೆವು. ಎರಡು ಗಂಟೆ ತಡೆದುಕೊಳ್ಳಬೇಕು. ಅರ್ಧ ಗಂಟೆಗೇ ಅಲ್ಲೊಂದು ಇಲ್ಲೊಂದು ಕಾಳು ನೇರಳೆಗೆ ತಿರುಗಿತು, ಆಮೇಲೆ ಕಂದು. ಕೋಟಿಂಗಿನಲ್ಲಿ ಕಣ್ಣಿಗೆ ಕಾಣದ ಬಿರುಕು. ಇಡೀ ಬ್ಯಾಚ್ ಸುಟ್ಟೆವು. ಅದು ಹೆಸರಾಂತ ಬ್ರಾಂಡಿಗೆ ಹೋಗಬೇಕಿದ್ದ ಬ್ಯಾಚು. ಆವತ್ತು ರೋಗಿಯನ್ನು ಕಾಪಾಡಿದ್ದು ಪರೀಕ್ಷೆ, ಹೆಸರಲ್ಲ. ದೊಡ್ಡ ಹೆಸರಿನವರೂ ಎಡವಿದ್ದಾರೆ. ಅಮೆರಿಕದಲ್ಲಿ ನೆಕ್ಸಿಯಂನ ಮೊದಲ ಜನರಿಕ್ ತರುವ ಹಕ್ಕು ರ‍್ಯಾನ್‌ಬ್ಯಾಕ್ಸಿಗೆ ಇತ್ತು. ಅದರ ಕಾರ್ಖಾನೆಗಳಲ್ಲಿ ಗುಣಮಟ್ಟದ ದೋಷ ಸಿಕ್ಕಿ 2014ರಲ್ಲಿ ಆ ಅವಕಾಶವೇ ಕೈ ತಪ್ಪಿತು. 2015ರ ಜನವರಿಯಲ್ಲಿ ಟೆವಾಗೆ ಅನುಮತಿ ಸಿಕ್ಕಿತು.

ಜನೌಷಧಿಯ ನಿಯಮದ ಪ್ರಕಾರ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ಅಂಗಡಿಗೆ ಕಳಿಸಬೇಕು. ಹಾಗಿದ್ದೂ ಒಮ್ಮೊಮ್ಮೆ ಬ್ಯಾಚ್ ಫೇಲಾಗುತ್ತದೆ, ಬ್ರಾಂಡಿನಲ್ಲೂ ಆಗುತ್ತದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಫೇಲಾದ ಬ್ಯಾಚ್‌ಗಳ ಪಟ್ಟಿ ಹೊರಡಿಸುತ್ತದೆ. ನಕಲಿ ಮಾಲಿನ ಕಾಟ ಜಾಸ್ತಿ ಇರುವುದು ಚೆನ್ನಾಗಿ ಓಡುವ ದುಬಾರಿ ಬ್ರಾಂಡ್‌ಗಳಿಗೆ. ಅಗ್ಗದ ಮಾಲನ್ನು ನಕಲು ಮಾಡಿದರೆ ಲಾಭ ಕಡಿಮೆ. 2023ರ ಆಗಸ್ಟ್‌ನಿಂದ 300 ದೊಡ್ಡ ಬ್ರಾಂಡ್‌ಗಳ ಮೇಲೆ ಕ್ಯೂಆರ್ ಅಥವಾ ಬಾರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಬ್ಯಾಚ್ ನಂಬರ್ ತಾಳೆ ನೋಡಿ.

ಯಾವ ಮಾತ್ರೆಯೇ ಆಗಲಿ, ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಸ್ಟ್ರಿಪ್ಪಿನಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಡಬೇಡಿ. ಆ ಅಲ್ಯೂಮಿನಿಯಂ ಹಾಳೆ ಇರುವುದೇ ತೇವ ತಡೆಯಲು. ಒಲೆ ಪಕ್ಕದ ಗೂಡೂ ಬೇಡ. ಕ್ಯಾಪ್ಸೂಲ್ ಅಗಿಯಬಾರದು, ಪೆಲೆಟ್ ಪುಡಿ ಮಾಡಬಾರದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಬದಲಾಯಿಸಬಹುದಾ? ಅದೇ ಔಷಧ, ಅದೇ ಪ್ರಮಾಣದ ಜನೌಷಧಿ ಕ್ಯಾಪ್ಸೂಲಿಗೆ ಬದಲಾಗುವುದರಲ್ಲಿ ನನಗೆ ತೊಂದರೆ ಕಾಣುವುದಿಲ್ಲ. ಡಾಕ್ಟರ ಹತ್ತಿರ ಔಷಧದ ಹೆಸರಿನಲ್ಲೇ ಚೀಟಿ ಬರೆಸಿ. ಮೊದಲ ಹದಿನೈದು ದಿನ ಎದೆಯುರಿ, ರಾತ್ರಿ ಹೊಟ್ಟೆನೋವು ಬರುತ್ತದಾ ಎಂದು ಬರೆದಿಡಿ. ಮಲ ಟಾರಿನಂತೆ ಕಪ್ಪಗಾದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ. ಅದು ಹೊಟ್ಟೆಯಲ್ಲಿ ರಕ್ತ ಹೋಗುತ್ತಿರುವ ಗುರುತು.

ಆದರೆ ಎರಡು ಕೆಲಸ ಮಾತ್ರ ನೀವಾಗಿಯೇ ಮಾಡಬೇಡಿ. ಒಂದು, ಇನ್ನೂ ಅಗ್ಗ ಎಂದು ಒಮೆಪ್ರಜೋಲಿಗೋ ಎಸೊಮೆಪ್ರಜೋಲಿಗೋ ಹಾರುವುದು. ಇವೆರಡೂ ಕ್ಲೋಪಿಡೋಗ್ರೆಲಿನ ಕೆಲಸವನ್ನು ಕುಗ್ಗಿಸುತ್ತವೆ. ಇವನ್ನು ಕ್ಲೋಪಿಡೋಗ್ರೆಲ್ ಜೊತೆಗೆ ಕೊಡಬೇಡಿ ಎಂದು ಎಫ್‌ಡಿಎ ಎಚ್ಚರಿಸಿದೆ. ಪ್ಯಾಂಟೊಪ್ರಜೋಲಿನಿಂದ ಆ ತೊಂದರೆ ಕಡಿಮೆ. ಸ್ಟೆಂಟ್ ಇರುವವರಿಗೆ ಇದು ದೊಡ್ಡ ವಿಷಯ. ಎರಡು, ಮಾತ್ರೆಯನ್ನೇ ನಿಲ್ಲಿಸುವುದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ನಡೆಯುವಾಗ, ಹಿಂದೆ ಹುಣ್ಣಾದವರಿಗೆ ಈ ಮಾತ್ರೆ ಕಾವಲು ಇದ್ದ ಹಾಗೆ. ಜೊತೆಗೆ, ವರ್ಷಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ.

ನಿಮ್ಮ ಕಾಗದ ಓದುವಾಗ ನನಗೆ ಬೆಲೆಗಿಂತ ಜಾಸ್ತಿ ಕಾಡಿದ್ದು ಆ ಡೊಂಪೆರಿಡೋನ್. ಇಂಥ ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ ಅದು 30 ಮಿಲಿಗ್ರಾಂ ಇರುತ್ತದೆ. ಅದು ವಾಂತಿ, ವಾಕರಿಕೆಗೆ ಕೊಡುವ ಔಷಧ, ಹುಣ್ಣಿಗೆ ಅಲ್ಲ. ಹೃದಯದ ಬಡಿತ ಏರುಪೇರಾಗುವ ಅಪಾಯ ಇರುವುದರಿಂದ ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಇದನ್ನು ಸಾಮಾನ್ಯವಾಗಿ ಒಂದು ವಾರಕ್ಕಿಂತ ಜಾಸ್ತಿ ಕೊಡಬೇಡಿ ಎಂದಿತು. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇದ್ದವರಲ್ಲಿ ಇನ್ನೂ ಜಾಗ್ರತೆ ಬೇಕು. ನಿಮ್ಮ ಮಾವನವರಿಗೆ ಎಂಟು ವರ್ಷದಿಂದ ದಿನಾ ನಡೆದಿದೆ. ಬರೀ ಪ್ಯಾಂಟೊಪ್ರಜೋಲ್ 40 ಮಾತ್ರೆ ಸಾಕಾಗುತ್ತದಾ ಎಂದು ಡಾಕ್ಟರನ್ನು ಈ ವಾರವೇ ಕೇಳಿ. ಹಾಗಾದರೆ ಬೆಲೆಯೂ ಇಳಿಯುತ್ತದೆ.

ಅದೇ ಭೇಟಿಯಲ್ಲಿ ಇನ್ನೆರಡು ಮಾತು ಕೇಳಿ. ಎಂಟು ವರ್ಷದ ಹಿಂದೆ ಹುಣ್ಣಾದಾಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿತ್ತಾ? ಹೆಚ್ಚಿನ ಹುಣ್ಣಿಗೆ ಅದು ಕಾರಣ. ಅದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಎರಡು ವಾರದ ಆಂಟಿಬಯಾಟಿಕ್ ಕೋರ್ಸಿನಿಂದ ಅದು ಹೋದರೆ ಹುಣ್ಣು ಮರುಕಳಿಸುವುದು ತುಂಬಾ ಕಡಿಮೆ. ಆದರೆ ಉಸಿರಿನ ಅಥವಾ ಮಲದ ಪರೀಕ್ಷೆಗೆ ಮೊದಲು ಈ ಮಾತ್ರೆಯನ್ನು ಎರಡು ವಾರ ನಿಲ್ಲಿಸಬೇಕಾಗುತ್ತದೆ. ಮಾವನವರ ಸ್ಥಿತಿಯಲ್ಲಿ ಅದು ಸುರಕ್ಷಿತವೇ ಎಂದು ಡಾಕ್ಟರೇ ಹೇಳಬೇಕು. ಇನ್ನೊಂದು ಮಾತು ಹೃದಯದ ಡಾಕ್ಟರಿಗೆ. ಸ್ಟೆಂಟ್ ಆಗಿ ಮೂರು ವರ್ಷವಾಯಿತು, ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಇನ್ನೂ ಬೇಕಾ? ಎಷ್ಟೋ ಜನರಿಗೆ ಒಂದು ವರ್ಷದ ಆಸುಪಾಸಿನಲ್ಲಿ ಒಂದನ್ನು ನಿಲ್ಲಿಸುತ್ತಾರೆ. ಕೆಲವರಿಗೆ ಮುಂದುವರಿಸಲು ಕಾರಣ ಇರುತ್ತದೆ. ಅವರು ಏನು ಹೇಳುತ್ತಾರೋ ಅದರ ಮೇಲೆ ಹೊಟ್ಟೆ ಮಾತ್ರೆ 40 ಬೇಕಾ, 20 ಸಾಕಾ ಎನ್ನುವುದೂ ನಿಂತಿದೆ. ಹೋಗುವಾಗ ಹಳೆಯ ಎಂಡೋಸ್ಕೋಪಿ ರಿಪೋರ್ಟು, ಈಗ ತಗೊಳ್ಳುತ್ತಿರುವ ಎಲ್ಲ ಸ್ಟ್ರಿಪ್ಪುಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಮೊಣಕಾಲು ನೋವಿಗೆ ಅಂಗಡಿಯಿಂದ ಸುಮ್ನೆ ತಂದ ಮಾತ್ರೆ ಏನಾದರೂ ಇದ್ದರೆ ಅದನ್ನೂ ಮರೆಯದೆ ತೋರಿಸಿ.